ಹೆದರಿದ್ದು ಇಂಜೆಕ್ಷನ್ನಿಗೆ, ಕಚ್ಚಿದ್ದು ಗುಳಿಗೆ

ಹೋದ ತಿಂಗಳು ಪರಿಚಯದವರೊಬ್ರು ಫೋನ್ ಮಾಡಿದ್ರು. ಅವ್ರಿಗೂ ನನ್ನ ಥರಾನೇ ರುಮಟಾಯ್ಡ್ ಆರ್ಥ್ರೈಟಿಸ್ (ಚಿಕ್ಕದಾಗಿ ಆರ್‌ಎ), ಅಂದ್ರೆ ಮೈಯ ರೋಗನಿರೋಧಕ ವ್ಯವಸ್ಥೆನೇ ಕೀಲುಗಳ ಮೇಲೆ ಬೀಳೋ ಕಾಯಿಲೆ, ಮೂರು ವರ್ಷ ಆಯ್ತಂತೆ. ಡಾಕ್ಟ್ರು ಬಯೊಲಾಜಿಕ್ ಇಂಜೆಕ್ಷನ್ (ರೋಗನಿರೋಧಕ ವ್ಯವಸ್ಥೆಯ ಒಂದು ಭಾಗವನ್ನ ಗುರಿ ಇಟ್ಟು ತಡೆಯೋ ಔಷಧಿ) ಶುರು ಮಾಡೋಣ ಅಂದಿದಾರೆ, ಇವ್ರಿಗೆ ಭಯ. "ಅದು ಇಮ್ಯುನಿಟಿನೇ ತೆಗ್ದುಬಿಡುತ್ತಂತಲ್ಲ, ಇನ್ಫೆಕ್ಷನ್ ಆಗಿ ಐಸಿಯು ಸೇರೋದಕ್ಕಿಂತ ಈ ಗಂಟುನೋವೇ ವಾಸಿ ಅನ್ಸುತ್ತೆ, ನೀವೇನಂತೀರಾ?"

ನಾನು ತಕ್ಷಣ ಏನೂ ಹೇಳ್ಲಿಲ್ಲ. ಯಾಕಂದ್ರೆ ಇದೇ ಮಾತನ್ನ ಒಂಬತ್ತು ವರ್ಷದ ಹಿಂದೆ ನಾನು ನಮ್ಮ ಡಾಕ್ಟ್ರ ಮುಂದೆ ಕೂತು ಹೇಳಿದ್ದೆ, ಹೇಳಿ ಆರು ತಿಂಗಳಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದೆ. ಇಂಜೆಕ್ಷನ್ ತಗೊಂಡಿದ್ದಕ್ಕಲ್ಲ. ನಾನು ಅದನ್ನ ತಗೊಂಡೇ ಇರ್ಲಿಲ್ಲ.

ಆ ಕಥೆ ಮೊದ್ಲು ಹೇಳ್ಬಿಡ್ತೀನಿ. ನಂಗೆ ಆರ್‌ಎ ಬಂದು ಆಗ ನಾಲ್ಕನೇ ವರ್ಷ. ವಾರಕ್ಕೊಂದ್ಸಲ ಮೆಥೊಟ್ರೆಕ್ಸೇಟ್ ತಗೋತಿದ್ದೆ, ಆರ್‌ಎ ಹಿಡಿತಕ್ಕೆ ತರೋ ಮಾಮೂಲಿ ಔಷಧಿ ಅದು, ಅದ್ರ ಜೊತೆ ದಿನಾ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಗುಳಿಗೆ 5 ಮಿಲಿಗ್ರಾಂ. ಈ ಪ್ರೆಡ್ನಿಸೊಲೋನ್ ಶುರುಮಾಡುವಾಗ ಡಾಕ್ಟ್ರು "ಇದು ಮೂರು ತಿಂಗಳಿಗೆ ಅಷ್ಟೇ, ಮೆಥೊಟ್ರೆಕ್ಸೇಟ್ ಕೆಲಸ ಶುರು ಮಾಡೋವರೆಗೂ, ಆಮೇಲೆ ನಿಧಾನವಾಗಿ ಇಳಿಸ್ಬೇಕು" ಅಂತ ಬಿಡಿಸಿ ಹೇಳಿದ್ರು. ಇಳಿಸೋಕೆ ಹೋದಾಗೆಲ್ಲ ಬೆಳಿಗ್ಗೆ ಕೈ ಮಡಚೋಕಾಗ್ತಿರ್ಲಿಲ್ಲ, ಹಲ್ಲುಜ್ಜೋ ಬ್ರಷ್ ಹಿಡಿಯೋದೇ ಒಂದು ಸಾಹಸ, ಸರಿ ಇನ್ನೊಂದು ತಿಂಗಳು ಇರ್ಲಿ ಅಂತ ಅದೇ ಹಳೇ ಚೀಟಿ ತೋರಿಸಿ ತರಿಸ್ಕೊಂಡು ತರಿಸ್ಕೊಂಡು ಎರಡೂವರೆ ವರ್ಷ ಆಗೋಗಿತ್ತು. ನೋವು ಜಾಸ್ತಿ ಇದ್ದ ದಿನ ನಾನೇ ಎರಡು ಗುಳಿಗೆ ನುಂಗ್ತಿದ್ದೆ. ಚಿಕ್ಕ ಗುಳಿಗೆ, ಬೇಳೆಕಾಳಿನಷ್ಟೂ ಇಲ್ಲ, ಅದೇನು ಮಾಡುತ್ತೆ ಅಂತ.

ಕೆಮ್ಮು ಬಂತು. ಜ್ವರ ಅಂತ ಹೇಳೋ ಹಾಗೆ ಏನೂ ಇರ್ಲಿಲ್ಲ, ಥರ್ಮಾಮೀಟರ್ 99 ದಾಟ್ಲೇ ಇಲ್ಲ. ಸುಸ್ತು ಮಾತ್ರ ವಿಪರೀತ, ಆದ್ರೆ ಈ ಕಾಯಿಲೆ ಇರೋರಿಗೆ ಸುಸ್ತು ಹೊಸದೇನಲ್ಲವಲ್ಲ, ಕಾಯಿಲೆನೇ ಜೋರಾಗಿದೆ ಅಂದ್ಕೊಂಡು ಇನ್ನೊಂದು ಗುಳಿಗೆ ಏರಿಸ್ದೆ. ನಾಲ್ಕನೇ ದಿನ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿ ಅರ್ಧದಲ್ಲೇ ಕೂತ್ಬಿಟ್ಟೆ, ನಮ್ಮನೆಯವರು ಎತ್ಕೊಂಡು ಹೋಗಿ ಅಡ್ಮಿಟ್ ಮಾಡಿದ್ರು. ಎಕ್ಸ್‌ರೇಲಿ ಬಲಗಡೆ ಕೆಳಭಾಗ ಪೂರ್ತಿ ಬೆಳ್ಳಗೆ. ಒಂಬತ್ತು ದಿನ ಡ್ರಿಪ್ಪಲ್ಲಿ ಆ್ಯಂಟಿಬಯಾಟಿಕ್. "ಇಷ್ಟು ದೊಡ್ಡ ನ್ಯುಮೋನಿಯಾ, ಜ್ವರ ಬರ್ಲಿಲ್ವಾ?" ಅಂತ ಡ್ಯೂಟಿ ಡಾಕ್ಟ್ರು ಕೇಳಿದ್ರು. ಸ್ಟಿರಾಯ್ಡ್ ಜ್ವರಾನ ಮುಚ್ಚಿಡುತ್ತೆ ಅನ್ನೋದು ಆಗ ಗೊತ್ತಾಗಿದ್ದು. ಮನೆಗೆ ಕಳ್ಳ ಬಂದಾಗ ನಾಯಿ ಬೊಗಳ್ಬಾರ್ದು ಅಂತ ನಾನೇ ಅದ್ರ ಬಾಯಿ ಕಟ್ಟಿಟ್ಟಿದ್ದೆ ಅನ್ನಿ.

ನೋಡೋಕೆ ಬಂದವರೆಲ್ಲ ಒಂದೇ ಮಾತು, "ಆ ಇಂಗ್ಲಿಷ್ ಔಷಧಿ ಜಾಸ್ತಿ ಆಯ್ತು ನಿಂಗೆ, ಎಲ್ಲಾ ಬಿಟ್ಬಿಡು." ಅದೂ ಪೂರ್ತಿ ಸರಿಯಲ್ಲ, ಯಾಕೆ ಅಂತ ಹೇಳ್ತೀನಿ.

ಆಸ್ಪತ್ರೆಯಿಂದ ಬಂದ್ಮೇಲೆ ಹಾಸಿಗೇಲಿ ಬಿದ್ಕೊಂಡು ಓದೋಕೆ ಶುರು ಮಾಡಿದ್ದು ಇವತ್ತಿನವರೆಗೂ ನಿಂತಿಲ್ಲ. ನಾನು ಡಾಕ್ಟ್ರಲ್ಲ, ಅರ್ಥ ಆಗ್ದೇ ಇದ್ದಾಗ ನಮ್ಮ ಡಾಕ್ಟ್ರನ್ನ ತಲೆ ತಿಂದಿದೀನಿ, ಪಾಪ ಅವ್ರು ಬೈದಿಲ್ಲ. ಮೊದ್ಲು ಗೊತ್ತಾಗಿದ್ದು ಏನಪ್ಪಾ ಅಂದ್ರೆ ಈ ಇನ್ಫೆಕ್ಷನ್ ಕಾಟ ಔಷಧಿಯಿಂದ ಮಾತ್ರ ಬರೋದಲ್ಲ, ಕಾಯಿಲೆ ಒಳಗೇ ಇದೆ. ಅಮೆರಿಕದ ರೋಚೆಸ್ಟರ್ ಊರಲ್ಲಿ 1955ರಿಂದ 1994ರ ಮಧ್ಯೆ ಆರ್‌ಎ ಬಂದ 609 ಜನರನ್ನ, ಅದೇ ಊರಿನ ಅದೇ ವಯಸ್ಸಿನ ಆರ್‌ಎ ಇಲ್ಲದ 609 ಜನರ ಜೊತೆ ಹೋಲಿಸಿ ನೋಡಿದಾರೆ, 2002ರಲ್ಲಿ ಪ್ರಕಟ ಆಯ್ತು. ಆಸ್ಪತ್ರೆ ಸೇರೋವಷ್ಟು ದೊಡ್ಡ ಇನ್ಫೆಕ್ಷನ್ ಆರ್‌ಎ ಇರೋರಿಗೆ 1.8 ಪಟ್ಟು ಜಾಸ್ತಿ ಇತ್ತು. ಗಮನಿಸಿ, ಆ ಜನ ಬಯೊಲಾಜಿಕ್ ಅನ್ನೋ ಔಷಧಿಗಳು ಮಾರ್ಕೆಟ್‌ಗೆ ಬರೋದಕ್ಕೂ ಮುಂಚಿನ ಕಾಲದವರು, ಮೊದಲನೇದು ಆರ್‌ಎಗೆ ಬಂದಿದ್ದೇ 1998ರಲ್ಲಿ. ಕೀಲು, ಮೂಳೆ, ಚರ್ಮ, ಶ್ವಾಸಕೋಶ, ಇಲ್ಲೇ ಜಾಸ್ತಿ ವ್ಯತ್ಯಾಸ ಕಂಡಿದ್ದು.

ಯಾಕೆ ಹೀಗೆ ಅಂದ್ರೆ, ನಮ್ಮ ರೋಗನಿರೋಧಕ ವ್ಯವಸ್ಥೆ ಸ್ವಂತ ಕೀಲುಗಳ ಮೇಲೇ ಹಗಲೂ ರಾತ್ರಿ ಯುದ್ಧ ಮಾಡ್ತಾ ಇರುತ್ತಲ್ಲ, ಅದು ಜಾಸ್ತಿ ಶಕ್ತಿ ಇದ್ದು ಮಾಡೋದಲ್ಲ, ದಾರಿ ತಪ್ಪಿ ಮಾಡೋದು. ಆರ್‌ಎ ಇರೋರ ಟಿ ಸೆಲ್‌ಗಳು, ಅಂದ್ರೆ ರೋಗಾಣು ಎದುರಿಸೋ ಒಂದು ಬಗೆಯ ಬಿಳಿ ರಕ್ತಕಣಗಳು, ವಯಸ್ಸಿಗಿಂತ ಮುಂಚೆ ಮುದಿಯಾಗ್ತವೆ ಅಂತಾರೆ, ಹೊಸಾ ರೋಗಾಣು ಬಂದಾಗ ಎದ್ದು ನಿಲ್ಲೋ ತಾಕತ್ತು ಕಮ್ಮಿ. ಎಷ್ಟೋ ಜನಕ್ಕೆ ಈ ಕಾಯಿಲೆ ಶ್ವಾಸಕೋಶದಲ್ಲೂ ಗಾಯ ಮಾಡಿರುತ್ತೆ. ಓಡಾಟ ಕಮ್ಮಿ, ಕೆಲವರಿಗೆ ಕೀಲು ಬದಲಾಯ್ಸಿ ಲೋಹದ್ದು ಕೂರಿಸಿರ್ತಾರೆ, ಅಲ್ಲಿ ರೋಗಾಣು ಹೋಗಿ ಮನೆ ಮಾಡ್ಕೊಂಡ್ರೆ ಬಿಡಿಸೋದು ಕಷ್ಟ. ಇದೆಲ್ಲಕ್ಕಿಂತ ನಂಗೆ ನಾಟಿದ್ದು 2011ರ ಒಂದು ಅಮೆರಿಕನ್ ಅಧ್ಯಯನ, ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯೋ ಡಿಎಎಸ್28 ಅನ್ನೋ ಸ್ಕೋರ್ ಇದೆಯಲ್ಲ, ಊದಿರೋ ಕೀಲು ನೋಯೋ ಕೀಲು ಎಣಿಸಿ ರಕ್ತದ ಟೆಸ್ಟ್ ಸೇರಿಸಿ ಹಾಕೋದು, ಅದು 0.6 ಏರಿದ್ರೆ ಆಸ್ಪತ್ರೆ ಸೇರೋ ಥರದ ಇನ್ಫೆಕ್ಷನ್ 25 ಪರ್ಸೆಂಟ್ ಏರ್ತಿತ್ತು. ಅಂದ್ರೆ "ಗಂಟುನೋವೇ ವಾಸಿ" ಅಂತ ಕಾಯಿಲೆನ ಉರಿಯೋಕೆ ಬಿಡೋದು ಕೂಡ ಇನ್ಫೆಕ್ಷನ್‌ಗೆ ಬಾಗಿಲು ತೆಗೆದಿಟ್ಟ ಹಾಗೇ. ಎಲ್ಲಾ ಔಷಧಿ ಬಿಟ್ಬಿಡು ಅಂದವರಿಗೆ ನನ್ನ ಉತ್ತರ ಇದೇ, ಆದ್ರೆ ಅವತ್ತು ಹೇಳೋಕೆ ಗೊತ್ತಿರ್ಲಿಲ್ಲ.

ಇನ್ನು ಆ ಚಿಕ್ಕ ಗುಳಿಗೆ ವಿಷಯ.

ಸ್ಟಿರಾಯ್ಡನ್ನ ಬೈಯೋಕೆ ನಂಗಿಷ್ಟ ಇಲ್ಲ, ನಿಜವಾಗ್ಲೂ. 1948ರ ಸೆಪ್ಟೆಂಬರಲ್ಲಿ ಮೇಯೊ ಕ್ಲಿನಿಕ್ಕಲ್ಲಿ ಫಿಲಿಪ್ ಹೆಂಚ್ ಅನ್ನೋ ಡಾಕ್ಟ್ರು ಆರ್‌ಎ ಇದ್ದ ಒಬ್ಬ ಹೆಂಗಸಿಗೆ ಮೊಟ್ಟಮೊದಲ ಸಲ ಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್ ಕೊಟ್ರು, ಹಾಸಿಗೆಯಿಂದ ಏಳೋಕೆ ಒದ್ದಾಡ್ತಿದ್ದವಳು ಕೆಲವೇ ದಿನದಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಅವ್ರಿಗೆ, ಜೊತೆಗೆ ಕೆಂಡಾಲ್, ರೈಖ್‌ಸ್ಟೈನ್ ಇಬ್ಬರಿಗೆ ನೊಬೆಲ್ ಬಂತು. ಆ ಹೆಂಗಸಿಗೆ ಹೇಗನ್ನಿಸಿರಬಹುದು ಅಂತ ನಂಗೆ ಚೆನ್ನಾಗಿ ಗೊತ್ತು, ಮೊದಲನೇ ಗುಳಿಗೆ ನುಂಗಿದ ಮಾರನೇ ದಿನ ನಾನೇ ಬಾಟಲ್ ಮುಚ್ಚಳ ತಿರುಗ್ಸಿ ತೆಗ್ದು ಅತ್ತಿದ್ದೆ. ಅದಕ್ಕೇ ಬಿಡೋದು ಕಷ್ಟ. ಕೆಟ್ಟ ಔಷಧಿ ಆಗಿದ್ರೆ ಬಿಡೋದು ಸುಲಭ ಇತ್ತು.

ಈಗ ಲೆಕ್ಕ ಕೇಳಿ. ಕೆನಡಾದ ಕ್ಯುಬೆಕ್‌ನಲ್ಲಿ 65 ದಾಟಿದ 16 ಸಾವಿರ ಚಿಲ್ಲರೆ ಆರ್‌ಎ ರೋಗಿಗಳ ದಾಖಲೆ ಇಟ್ಕೊಂಡು ಮಾಡಿದ ಅಧ್ಯಯನ, 2012ರದ್ದು. ದಿನಾ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮೂರು ತಿಂಗಳು ತಗೊಂಡವರಿಗೆ, ತಗೊಳ್ದೇ ಇರೋರಿಗಿಂತ ದೊಡ್ಡ ಇನ್ಫೆಕ್ಷನ್ ಅಪಾಯ 30 ಪರ್ಸೆಂಟ್ ಜಾಸ್ತಿ. ಆರು ತಿಂಗಳಾದ್ರೆ 46. ಮೂರು ವರ್ಷ ಆದ್ರೆ 100, ಅಂದ್ರೆ ಎರಡು ಪಟ್ಟು. ಅದೇ 5 ಮಿಲಿಗ್ರಾಂ ರೀ! ಡೋಸ್ ಏರಿಸಿಲ್ಲ, ದಿನ ಕಳೆದಿದೆ ಅಷ್ಟೇ. ಎರಡು ವರ್ಷದ ಹಿಂದೆ ನುಂಗಿದ ಗುಳಿಗೇದೂ ಸ್ವಲ್ಪ ಪ್ರಭಾವ ಉಳ್ದಿರುತ್ತೆ ಅಂತ ಅವ್ರ ಲೆಕ್ಕ. ಬಡ್ಡಿ ಚಕ್ರಬಡ್ಡಿ ನೆನಪಾಯ್ತು ನಂಗೆ.

2020ರಲ್ಲಿ ಇನ್ನೊಂದು ಬಂತು, ಅಮೆರಿಕದ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆಯಲ್ಲಿರೋ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಆರ್‌ಎ ರೋಗಿಗಳದ್ದು, ಎಲ್ರೂ ಬೇರೆ ಔಷಧಿ ಮೇಲೆ ಸ್ಥಿರವಾಗಿದ್ದವರು. ಸ್ಟಿರಾಯ್ಡ್ ಇಲ್ಲದವರಲ್ಲಿ ಒಂದು ವರ್ಷದಲ್ಲಿ ಇನ್ಫೆಕ್ಷನ್ ಆಗಿ ಆಸ್ಪತ್ರೆ ಸೇರೋರು 100ಕ್ಕೆ 8.6. ದಿನಕ್ಕೆ 5 ಮಿಲಿಗ್ರಾಂವರೆಗೆ ತಗೋಳೋರಲ್ಲಿ 11. ಐದರಿಂದ ಹತ್ತರವರೆಗೆ 14.4. ಹತ್ತು ದಾಟಿದ್ರೆ 17.7. ಮೆಡಿಕೇರ್ ಅಂದ್ರೆ ಹೆಚ್ಚಿನವರು ವಯಸ್ಸಾದವರು, ಹಾಗಾಗಿ ನಲವತ್ತು ವರ್ಷದವರು ಈ ನಂಬರ್ ನೋಡಿ ಗಾಬರಿ ಆಗೋದು ಬೇಡ, ವಯಸ್ಸು ಕಮ್ಮಿ ಇದ್ದವರ ಗುಂಪಲ್ಲಿ ಎಲ್ಲಾ ಅಂಕಿನೂ ಕೆಳಗಿತ್ತು, ಆದ್ರೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಅಲ್ಲೂ ಹಾಗೇ. ಇದ್ರಲ್ಲಿ ಒಂದು ತೊಡಕಿದೆ, ಕಾಯಿಲೆ ಜೋರಾಗಿರೋರಿಗೇ ಡಾಕ್ಟ್ರು ಸ್ಟಿರಾಯ್ಡ್ ಜಾಸ್ತಿ ಕೊಡೋದು, ಹಾಗಾಗಿ ಎಷ್ಟು ಪಾಲು ಗುಳಿಗೇದು ಎಷ್ಟು ಪಾಲು ಕಾಯಿಲೇದು ಅಂತ ಪೂರ್ತಿ ಬಿಡಿಸೋಕಾಗಲ್ಲ, ಸಂಶೋಧಕರು ಆದಷ್ಟು ಸರಿದೂಗಿಸೋ ಪ್ರಯತ್ನ ಮಾಡಿದಾರೆ. ಆದ್ರೂ ನನ್ನ ಎರಡೂವರೆ ವರ್ಷ ನೆನೆಸ್ಕೊಂಡು ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಸರಿ, ಇಂಜೆಕ್ಷನ್. ಇದ್ರ ಬಗ್ಗೆ ಇರೋ ಭಯ ಸುಳ್ಳಲ್ಲ, ಅದಕ್ಕೆ ಕಾರಣ ಇದೆ. 2001ರಲ್ಲಿ ಒಂದು ವರದಿ ಬಂತು, ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಬಯೊಲಾಜಿಕ್ ತಗೊಂಡವರಲ್ಲಿ 70 ಜನಕ್ಕೆ ಟಿಬಿ ಆಗಿತ್ತು, ಅದೂ ಶುರು ಮಾಡಿ ಸುಮಾರು 12 ವಾರದೊಳಗೇ ಅರ್ಧಕ್ಕರ್ಧ ಜನಕ್ಕೆ, ಮತ್ತೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಶ್ವಾಸಕೋಶದ ಹೊರಗೆ. ಇದು ಹೇಗೆ ಅಂದ್ರೆ ಎಷ್ಟೋ ಜನರ ಮೈಯಲ್ಲಿ ಟಿಬಿ ರೋಗಾಣು ಯಾವತ್ತೋ ಹೊಕ್ಕು ಸುಮ್ನೆ ಮಲಗಿರುತ್ತೆ, ನಮ್ಮ ಜೀವಕೋಶಗಳು ಅದ್ರ ಸುತ್ತ ಒಂದು ಗೋಡೆ ಕಟ್ಟಿ ಕೂಡಿಹಾಕಿರ್ತವೆ, ಆ ಗೋಡೆ ನಿಲ್ಲೋಕೆ ಟಿಎನ್‌ಎಫ್ ಅನ್ನೋ ಪ್ರೋಟೀನ್ ಬೇಕು, ನಮ್ಮ ಕೀಲು ಊದಿಸೋದೂ ಅದೇ ಟಿಎನ್‌ಎಫ್. ಇಂಜೆಕ್ಷನ್ ಅದನ್ನ ತಡೆದ್ರೆ ಕೀಲಿನ ಊತ ಇಳಿಯುತ್ತೆ, ಗೋಡೆನೂ ಬಿರುಕು ಬಿಡುತ್ತೆ. ಆ ವರದಿ ಆದ್ಮೇಲೆನೇ ಇಂಜೆಕ್ಷನ್‌ಗೆ ಮುಂಚೆ ಎದೆ ಎಕ್ಸ್‌ರೇ, ಕೈಗೆ ಚುಚ್ಚಿ ನೋಡೋ ಮಾಂಟೂ ಟೆಸ್ಟ್ ಇಲ್ಲಾ ರಕ್ತದಲ್ಲಿ ಮಾಡೋ ಐಜಿಆರ್‌ಎ ಟೆಸ್ಟ್ ಎಲ್ಲಾ ಕಡೆ ರೂಢಿಗೆ ಬಂದಿದ್ದು. ನಂದು ಪಾಸಿಟಿವ್ ಬಂತು. ಕೆಮ್ಮಿಲ್ಲ ಕಫ ಇಲ್ಲ, ಮಲಗಿರೋ ಟಿಬಿ. ಐಸೋನಯಾಜಿಡ್ ಗುಳಿಗೆ, ನರಕ್ಕೆ ತೊಂದ್ರೆ ಆಗದಿರಲಿ ಅಂತ ಬಿ6 ಜೊತೆಗೆ, ಒಂದು ತಿಂಗಳು ಅದನ್ನ ತಗೊಂಡ ಮೇಲೇ ಇಂಜೆಕ್ಷನ್ ಶುರು ಮಾಡಿದ್ದು, ಗುಳಿಗೆ ಆಮೇಲೂ ತಿಂಗಳುಗಟ್ಟಲೆ ನಡೀತು. ಸ್ಟಿರಾಯ್ಡಿಗೆ ಇಂಥ ಒಂದು ಟೆಸ್ಟೂ ಮಾಡ್ದೇನೇ ಎರಡೂವರೆ ವರ್ಷ ನುಂಗಿದ್ನಲ್ಲ, ಆ ಮಲಗಿದ್ದ ಟಿಬಿ ಪುಣ್ಯಕ್ಕೆ ಎದ್ದಿರ್ಲಿಲ್ಲ.

ಬ್ರಿಟನ್ನಲ್ಲಿ ಈ ಇಂಜೆಕ್ಷನ್ ತಗೋಳೋರ ಹೆಸರೆಲ್ಲ ಒಂದು ರಿಜಿಸ್ಟರಿಗೆ ಹಾಕಿ ವರ್ಷಾನುಗಟ್ಟಲೆ ಹಿಂಬಾಲಿಸ್ತಾರೆ. 2011ರಲ್ಲಿ ಅವ್ರು ಕೊಟ್ಟ ಲೆಕ್ಕದ ಪ್ರಕಾರ ಟಿಎನ್‌ಎಫ್ ತಡೆಯೋ ಔಷಧಿ ಮೇಲಿದ್ದ 1000 ಜನರನ್ನ ಒಂದು ವರ್ಷ ನೋಡಿದ್ರೆ 42 ದೊಡ್ಡ ಇನ್ಫೆಕ್ಷನ್, ಹಳೇ ಔಷಧಿಗಳ ಮೇಲೇ ಇದ್ದ 1000 ಜನರಲ್ಲಿ 32. ಕಾಯಿಲೆ ವಯಸ್ಸು ಎಲ್ಲಾ ಸರಿದೂಗಿಸಿದ್ರೆ ಒಟ್ಟಾರೆ 1.2 ಪಟ್ಟು. ನಾನು ಮನಸಲ್ಲಿ ಹತ್ತು ಪಟ್ಟು ಅಂತ ಕಲ್ಪಿಸ್ಕೊಂಡಿದ್ದೆ. ಆದ್ರೆ ಮೊದಲ ಆರು ತಿಂಗಳು ಮಾತ್ರ ತೆಗ್ದು ನೋಡಿದ್ರೆ 1.8 ಪಟ್ಟು. ಆಮೇಲೆ ಇಳಿಯುತ್ತೆ.

ಈ ಇಳಿಯೋದು ಇದೆಯಲ್ಲ, ಇದೇ ನಂಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಸಿದ್ದು. ಔಷಧಿ ಅದೇ, ಡೋಸ್ ಅದೇ, ಹಾಗಿದ್ಮೇಲೆ ಅಪಾಯ ಯಾಕೆ ಇಳೀಬೇಕು? ಮೈಗೆ ಅಭ್ಯಾಸ ಆಗುತ್ತೆ ಅಂತ ನಾನು ಸುಲಭವಾಗಿ ಅಂದ್ಕೊಂಡಿದ್ದೆ. ಜರ್ಮನಿಯವರದ್ದೂ ಒಂದು ರಿಜಿಸ್ಟರ್ ಇದೆ, ರಾಬಿಟ್ ಅಂತ ಹೆಸರು, ಹೌದು ಮೊಲ ಅಂದ ಹಾಗೇ ಕೇಳುತ್ತೆ, ಅವ್ರು ಅದೇ 2011ರಲ್ಲಿ ಇದನ್ನೇ ಬಿಡಿಸಿ ನೋಡಿದ್ರು. ಕಾರಣ ಒಂದಲ್ಲ. ಇಂಜೆಕ್ಷನ್ ಕೆಲಸ ಮಾಡಿದವರಿಗೆ ಕಾಯಿಲೆ ತಣ್ಣಗಾಗುತ್ತೆ, ಎದ್ದು ಓಡಾಡ್ತಾರೆ, ಸ್ಟಿರಾಯ್ಡ್ ಇಳಿಯುತ್ತೆ, ಹಾಗಾಗಿ ನಿಜವಾಗ್ಲೂ ಅಪಾಯ ಕಮ್ಮಿ ಆಗುತ್ತೆ. ಆದ್ರೆ ಇನ್ನೊಂದು ಪಾಲು ಬರೀ ಲೆಕ್ಕದ ಆಟ. ಮೊದಲ ತಿಂಗಳುಗಳಲ್ಲೇ ಇನ್ಫೆಕ್ಷನ್ ಆದವರು ಔಷಧಿ ನಿಲ್ಲಿಸಿ ಲೆಕ್ಕದಿಂದ ಹೊರಗೆ ಹೋಗಿರ್ತಾರೆ, ಉಳಿದವರು ಗಟ್ಟಿ ಇರೋರು. ಘಾಟಿ ರಸ್ತೆ ಬಸ್ಸಲ್ಲಿ ವಾಂತಿ ಮಾಡ್ಕೊಳ್ಳೋರೆಲ್ಲ ಎರಡನೇ ತಿರುವಲ್ಲೇ ಇಳ್ಕೊಂಡ್ಬಿಟ್ರೆ ಕೊನೇ ಸ್ಟಾಪಲ್ಲಿ ಕಂಡಕ್ಟರ್ ಎಣಿಸಿ "ಈ ಬಸ್ಸಲ್ಲಿ ಯಾರಿಗೂ ತಲೆ ಸುತ್ತಲ್ಲ" ಅಂದ ಹಾಗೆ.

ಇದನ್ನ ಯಾಕಿಷ್ಟು ಎಳೀತಿದೀನಿ ಅಂದ್ರೆ "ಮೊದಲ ಆರು ತಿಂಗಳು ಕಳೆದ್ರೆ ಸೇಫ್" ಅಂತ ನಮ್ಮಂಥ ರೋಗಿಗಳು ಒಬ್ರಿಗೊಬ್ರು ಹೇಳ್ಕೋತೀವಿ. ಗುಂಪಿನ ಸರಾಸರಿ ಇಳಿದಿದೆ ಅಂದಮಾತ್ರಕ್ಕೆ ನನ್ನದು ಇಳಿದಿದೆ ಅಂತಲ್ಲ. ನಂದು ಇಳೀಬೇಕು ಅಂದ್ರೆ ಕಾಯಿಲೆ ತಣ್ಣಗಾಗಿರ್ಬೇಕು, ಸ್ಟಿರಾಯ್ಡ್ ಇಳಿದಿರ್ಬೇಕು. ಇಂಜೆಕ್ಷನ್ನೂ ನಡೀತಿದೆ, ಅದ್ರ ಜೊತೆ ಹತ್ತು ಮಿಲಿಗ್ರಾಂ ಸ್ಟಿರಾಯ್ಡೂ ಹಾಗೇ ನಡೀತಿದೆ ಅಂದ್ರೆ ಏನೂ ಇಳಿದಿಲ್ಲ, ಎರಡೂ ಒಂದರ ಮೇಲೊಂದು ಕೂತಿದೆ. ಆ ಜರ್ಮನಿಯವರೇ ಒಂದು ಸ್ಕೋರ್ ಮಾಡಿದಾರೆ, ಮುಂದಿನ ವರ್ಷ ದೊಡ್ಡ ಇನ್ಫೆಕ್ಷನ್ ಆಗೋ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡೋಕೆ: ವಯಸ್ಸು 60 ದಾಟಿದೆಯಾ, ಶ್ವಾಸಕೋಶದ ಹಳೇ ಕಾಯಿಲೆ ಇದೆಯಾ, ಕಿಡ್ನಿ ತೊಂದ್ರೆ ಇದೆಯಾ, ಮುಂಚೆ ದೊಡ್ಡ ಇನ್ಫೆಕ್ಷನ್ ಆಗಿತ್ತಾ, ಎಷ್ಟು ಔಷಧಿ ಫೇಲಾಗಿದೆ, ಸ್ಟಿರಾಯ್ಡ್ ಎಷ್ಟು, ಯಾವ ಔಷಧಿ ನಡೀತಿದೆ. ಈ ಪಟ್ಟೀಲಿ ವಯಸ್ಸು ನನ್ನ ಕೈಲಿಲ್ಲ, ಒಂಬತ್ತು ದಿನದ ಆ ನ್ಯುಮೋನಿಯಾ ಆಗ್ಲೇ ನನ್ನ ಹೆಸರಿಗೆ ಬರೆದಾಗಿತ್ತು. ಕೈಲಿರೋದು ಮುಖ್ಯವಾಗಿ ಸ್ಟಿರಾಯ್ಡ್.

ನನ್ನ ಮೊದಲ ಆರು ತಿಂಗಳಲ್ಲಿ ಏನಾಯ್ತು ಅಂದ್ರೆ, ನಾಲ್ಕನೇ ತಿಂಗಳು ಕಾಲಿಗೆ ಎಲ್ಲೋ ತರಚಿ ಮೊಣಕಾಲಿಂದ ಕೆಳಗೆ ಕೆಂಪಾಗಿ ಬಿಸಿಯಾಗಿ ಬಾತ್ಕೊಳ್ತು. ಬಾಲ್ ಪೆನ್ನಲ್ಲಿ ಕೆಂಪಿನ ಅಂಚಿಗೆ ಗೆರೆ ಎಳೆದು ಫೋಟೋ ತೆಗ್ದು ಡಾಕ್ಟ್ರಿಗೆ ಕಳಿಸ್ದೆ, ಎರಡು ಗಂಟೆ ಬಿಟ್ಟು ನೋಡಿದ್ರೆ ಗೆರೆ ದಾಟಿತ್ತು, ಅವತ್ತೇ ಹೋದೆ. ಗುಳಿಗೆ ಆ್ಯಂಟಿಬಯಾಟಿಕ್ಕಲ್ಲೇ ವಾಸಿ ಆಯ್ತು, ಇಂಜೆಕ್ಷನ್ ಎರಡು ಡೋಸ್ ಮುಂದೂಡಿದ್ರು. ಈ ಅಧ್ಯಯನಗಳಲ್ಲಿ "ದೊಡ್ಡ ಇನ್ಫೆಕ್ಷನ್" ಅಂತ ಲೆಕ್ಕಕ್ಕೆ ಹಿಡಿಯೋದು ಸಾಮಾನ್ಯವಾಗಿ ಆಸ್ಪತ್ರೆ ಸೇರಿದ್ರೆ, ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಕೊಡಬೇಕಾದ್ರೆ, ಇಲ್ಲಾ ಜೀವ ಹೋದ್ರೆ. ಆ ಲೆಕ್ಕದಲ್ಲಿ ನನ್ನ ಕಾಲು ಬರಲ್ಲ. ಅದೇ ಮುಂಚಿನ ಥರ ನಾಲ್ಕು ದಿನ ಸುಮ್ನಿದ್ದಿದ್ರೆ ಖಂಡಿತ ಬರ್ತಿತ್ತು.

ಆಮೇಲಿನ ವರ್ಷಗಳಲ್ಲಿ ಕಲ್ತಿದ್ದು ಸುಮಾರಿದೆ, ಸಿಕ್ಕಿದ ಹಾಗೆ ಹೇಳ್ತೀನಿ. ಜ್ವರ, ಚಳಿ, ಕೀವು, ಉರಿಮೂತ್ರ, ಹೊಸಾ ಕೆಮ್ಮು ಏನೇ ಬಂದ್ರೂ ನಮ್ಮ ಡಾಕ್ಟ್ರು ಹೇಳ್ಕೊಟ್ಟಿರೋದು, ಮೊದ್ಲು ಫೋನ್ ಮಾಡು, ಆ ವಾರದ ಮೆಥೊಟ್ರೆಕ್ಸೇಟ್, ಇಂಜೆಕ್ಷನ್ ಎರಡನ್ನೂ ಮಾತಾಡೋವರೆಗೂ ತಗೋಬೇಡ. ಆದ್ರೆ ಪ್ರೆಡ್ನಿಸೊಲೋನ್ ಮಾತ್ರ ತಕ್ಷಣ ನಿಲ್ಲಿಸೋ ಹಾಗಿಲ್ಲ! ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಮೇಲೆ ನಾನು ಬರೆದಿದ್ದು ಓದಿ ಯಾರಾದ್ರೂ ನಾಳೆಯಿಂದಲೇ ಬಿಟ್ಬಿಟ್ರೆ ಅಂತ ನಂಗೆ ಹೆದರಿಕೆ. ದಿನಾ ಹೊರಗಿಂದ ಸ್ಟಿರಾಯ್ಡ್ ಸಿಕ್ತಾ ಇದ್ರೆ ಮೈಯಲ್ಲಿ ಅದನ್ನ ತಯಾರಿಸೋ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿ ಮಲಗಿಬಿಟ್ಟಿರುತ್ತೆ, ಇನ್ಫೆಕ್ಷನ್ ಬಂದಾಗ ಮೈಗೆ ಅದು ಮಾಮೂಲಿಗಿಂತ ಜಾಸ್ತಿನೇ ಬೇಕು, ಅಂಥ ಹೊತ್ತಲ್ಲಿ ನಿಲ್ಲಿಸಿದ್ರೆ ಬಿಪಿ ಕುಸಿದು ಜೀವಕ್ಕೇ ಬರುತ್ತೆ. ಕೆಲವು ಸಲ ಆ ಸಮಯಕ್ಕೆ ಡಾಕ್ಟ್ರೇ ಡೋಸ್ ಏರಿಸ್ತಾರೆ. ಇಳಿಸೋದೇನಿದ್ರೂ ಆರಾಮಾಗಿರೋ ಕಾಲದಲ್ಲಿ, ಇಂಚಿಂಚಾಗಿ, ಅವ್ರನ್ನ ಕೇಳ್ಕೊಂಡು.

ಎಲ್ಲಾ ಕೀಲೂ ಒಂದೇ ಥರ ನೋಯ್ತಿದ್ರೆ ಅದು ಸಾಮಾನ್ಯವಾಗಿ ನಮ್ಮ ಹಳೇ ಕಾಯಿಲೆ. ಉಳಿದವೆಲ್ಲ ಸುಮ್ನಿದ್ದು ಒಂದೇ ಒಂದು ಕೀಲು ಇದ್ದಕ್ಕಿದ್ದ ಹಾಗೆ ಕೆಂಡದಂತೆ ಬಿಸಿಯಾಗಿ ಮುಟ್ಟೋಕೂ ಆಗ್ದೇ ಇದ್ರೆ ಅದ್ರೊಳಗೆ ಕೀವು ಆಗಿರಬಹುದು, ಅವತ್ತೇ ಹೋಗಿ ಸೂಜಿ ಹಾಕಿ ನೀರು ತೆಗ್ದು ಟೆಸ್ಟ್ ಮಾಡಿಸ್ಬೇಕು, ಫ್ಲೇರ್, ಅಂದ್ರೆ ಹಳೇ ಕಾಯಿಲೆನೇ ಕೆರಳಿದೆ ಅಂತ ಮನೇಲಿ ಕೂರೋದಲ್ಲ. ಮತ್ತೆ ಟೊಸಿಲಿಜುಮ್ಯಾಬ್ ಅನ್ನೋ ಇನ್ನೊಂದು ಬಯೊಲಾಜಿಕ್ ಮೇಲಿರೋರಿಗೆ ಒಂದು ಮಾತು, ಅದು ಮೈಯಲ್ಲಿ ಉರಿಯೂತ ಇದೆ ಅಂತ ತೋರಿಸೋ ರಕ್ತದ ಟೆಸ್ಟ್ ಸಿಆರ್‌ಪಿಯನ್ನೇ ಒತ್ತಿ ಹಿಡಿಯುತ್ತೆ, ಒಳಗೆ ದೊಡ್ಡ ಇನ್ಫೆಕ್ಷನ್ ಇದ್ರೂ ರಿಪೋರ್ಟಲ್ಲಿ ಸಿಆರ್‌ಪಿ ನಾರ್ಮಲ್ ಬರಬಹುದು, ಹೊಸಾ ಡಾಕ್ಟ್ರ ಹತ್ರ ಹೋದಾಗ ಇದನ್ನ ನೀವೇ ಹೇಳಿ.

ಔಷಧಿ ಚೀಟಿ ಜೇಬಲ್ಲಿಟ್ಕೊಂಡು ಓಡಾಡೋ ಅಭ್ಯಾಸ ಬಂದಿದ್ದು ಬೇರೆ ಘಟನೆಯಿಂದ. ಒಂದ್ಸಲ ಯೂರಿನ್ ಇನ್ಫೆಕ್ಷನ್ ಆದಾಗ ನಮ್ಮ ಡಾಕ್ಟ್ರು ಇರ್ಲಿಲ್ಲ, ಬೇರೆ ಕಡೆ ತೋರಿಸ್ದೆ, ಅವ್ರು ಕೋಟ್ರೈಮೊಕ್ಸಜೋಲ್ ಅನ್ನೋ ಆ್ಯಂಟಿಬಯಾಟಿಕ್ ಬರ್ಕೊಟ್ರು. ಅವ್ರು ಬೇರೆ ಏನು ತಗೋತೀರ ಅಂತ ಕೇಳ್ಲಿಲ್ಲ, ನಾನೂ ವಾರಕ್ಕೊಂದ್ಸಲ ತಗೋಳೋದು ತಾನೇ ಅಂತ ಮೆಥೊಟ್ರೆಕ್ಸೇಟ್ ಹೆಸರು ಎತ್ಲಿಲ್ಲ. ಔಷಧಿ ಕೊಡೋ ಹುಡುಗ ನನ್ನ ಹಳೇ ಖಾತೆ ನೋಡಿ "ಮೇಡಂ, ಇವೆರಡೂ ಒಟ್ಟಿಗೆ ಹೋಗಲ್ಲ, ಕೇಳ್ಕೊಂಡು ಬನ್ನಿ" ಅಂದ. ಎರಡೂ ಸೇರಿದ್ರೆ ಮೂಳೆಮಜ್ಜೆಲಿ ರಕ್ತ ಕಣ ಹುಟ್ಟೋದೇ ನಿಂತೋಗ್ಬಹುದು, ಜನ ಸತ್ತಿರೋದೂ ಇದೆ. ಆ ಹುಡುಗನ್ನ ನಾನು ಈಗ್ಲೂ ನೆನೆಸ್ಕೋತೀನಿ.

ಲಸಿಕೆ ಬಗ್ಗೆ ಚಿಕ್ಕದಾಗಿ. ಫ್ಲೂದು ವರ್ಷ ವರ್ಷ, ನ್ಯುಮೋನಿಯಾ ತರೋ ನ್ಯುಮೋಕಾಕಸ್‌ದು ಡಾಕ್ಟ್ರು ಹೇಳಿದ ಲೆಕ್ಕದಲ್ಲಿ. ಫ್ಲೂ ಲಸಿಕೆ ಹಾಕಿಸ್ಕೊಂಡ ಮೇಲೆ ಎರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಿದ್ರೆ ಲಸಿಕೆ ಚೆನ್ನಾಗಿ ಹಿಡಿಯುತ್ತೆ ಅಂತ ಕೊರಿಯಾದವರು ತೋರಿಸಿದಾರೆ, ಕಾಯಿಲೆ ಹಿಡಿತದಲ್ಲಿದ್ರೆ ಹಾಗೆ ಮಾಡಿ ಅಂತ ಅಮೆರಿಕದ ರುಮಟಾಲಜಿ ಕಾಲೇಜಿನ 2022ರ ಸಲಹೆನೂ ಇದೆ. ಜೀವಂತ ರೋಗಾಣು ಇರೋ ಲಸಿಕೆಗಳು ಮಾತ್ರ ಇಂಜೆಕ್ಷನ್ ಮೇಲಿರೋವಾಗ ಬೇಡ. ಸರ್ಪಸುತ್ತಿಗೆ ಈಗ ಜೀವಂತವಲ್ಲದ ಲಸಿಕೆ ಬಂದಿದೆ, ಎರಡು ಡೋಸು, ಟೊಫಾಸಿಟಿನಿಬ್ ಥರದ ಜಾಕ್ ಗುಳಿಗೆ (ಆರ್‌ಎಗೆ ಕೊಡೋ ಇನ್ನೊಂದು ಬಗೆಯ ಔಷಧಿ) ತಗೋಳೋರಲ್ಲಿ ಸರ್ಪಸುತ್ತು ಎದ್ದು ಕಾಣೋವಷ್ಟು ಜಾಸ್ತಿ, ಹಾಗಾಗಿ ಅವ್ರು ಮೊದ್ಲೇ ಕೇಳಿ ಹಾಕಿಸ್ಕೊಂಡ್ರೆ ಒಳ್ಳೇದು. ನಮ್ಮಕ್ಕನಿಗೆ ಆರ್‌ಎ ಇಲ್ದೇನೇ ಸರ್ಪಸುತ್ತು ಆಗಿ ಆರು ತಿಂಗಳು ಪಟ್ಟ ಪಾಡು ನೋಡಿದೀನಿ.

ಈಗ ನಂಗೆ ಇಂಜೆಕ್ಷನ್ ಶುರು ಮಾಡಿ ಎಂಟು ವರ್ಷ ದಾಟಿದೆ. ಪ್ರೆಡ್ನಿಸೊಲೋನ್ ಸೊನ್ನೆಗೆ ಬರೋಕೆ ಹದಿನಾಲ್ಕು ತಿಂಗಳು ಹಿಡೀತು. 5ರಿಂದ 4, 4ರಿಂದ 3, ಆ ಕೊನೇ ಎರಡು ಮಿಲಿಗ್ರಾಂ ಇದೆಯಲ್ಲ, ಅದು ಪ್ರಾಣ ತಿಂತು, ಒಂದು ಸಲ ಇಳಿಸಿ ಸೋತು ಮತ್ತೆ ಏರಿಸಿ ಮತ್ತೆ ಇಳಿಸಿ. ಆಮೇಲೆ ಆಸ್ಪತ್ರೆ ಸೇರೋ ಇನ್ಫೆಕ್ಷನ್ ಆಗಿಲ್ಲ. ಒಬ್ಬಳ ಕಥೆ ಇದು, ಇದ್ರಿಂದ ಏನೂ ಸಾಬೀತಾಗಲ್ಲ, ನಾನೂ ಆ ಬಸ್ಸಲ್ಲಿ ಕೊನೇವರೆಗೂ ಕೂತ ಪೈಕಿ ಒಬ್ಬಳು ಅಷ್ಟೇ ಇರಬಹುದು.

ಫೋನ್ ಮಾಡಿದ್ರಲ್ಲ, ಅವ್ರಿಗೆ ಇಂಜೆಕ್ಷನ್ ತಗೊಳಿ ಬಿಡಿ ಅಂತ ನಾನೇನೂ ಹೇಳ್ಲಿಲ್ಲ, ಅದು ಅವ್ರ ಡಾಕ್ಟ್ರ ಕೆಲಸ. ಒಂದೇ ಪ್ರಶ್ನೆ ಕೇಳ್ದೆ, "ಈಗ ದಿನಾ ಏನೇನು ಗುಳಿಗೆ ತಗೋತಿದೀರ?"

"ಮೆಥೊಟ್ರೆಕ್ಸೇಟ್ ಅಷ್ಟೇ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಪ್ರೆಡ್ನಿಸೊಲೋನ್ ಹತ್ತು ಇದೆ, ಮೂರು ವರ್ಷದಿಂದ. ಅದೂ ಹೇಳ್ಬೇಕಿತ್ತಾ?"